ಮೊದಲ ಬೇಸಿನ್ ಯಾರಿಗೆ?

ಓದುಗರ ಪ್ರಶ್ನೆಗಳು, ಅಂಕಣಕಾರರ ಉತ್ತರಗಳು

ಕಳೆದ ಸಂಚಿಕೆಯಲ್ಲಿ ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ಮೀನುಗಾರರನ್ನು ಕುರಿತು ಬರೆಯುವಾಗ, ಅಲ್ಲಿನ ಕೆಲವು ದಡಗಳಲ್ಲಿ ಮೀನು ಸಿಗಬೇಕಾದರೆ ವ್ಯಾಪಾರಿ ಹೆಂಗಸರು ಮೀನುಗಾರರೊಂದಿಗೆ ದೇಹಸಂಬಂಧ ಇಟ್ಟುಕೊಳ್ಳಬೇಕಾದ ಪರಿಸ್ಥಿತಿ ಇದೆ ಎಂದು ಒಂದೇ ಒಂದು ವಾಕ್ಯ ಬರೆದಿದ್ದೆ. ಉಳಿದ ಇಡೀ ಲೇಖನಕ್ಕೆ ಬಾರದಷ್ಟು ಪತ್ರಗಳು ಆ ಒಂದು ವಾಕ್ಯಕ್ಕೆ ಬಂದಿವೆ. ಕೆಲವರು ನೊಂದುಕೊಂಡಿದ್ದಾರೆ, ಕೆಲವರು ನಂಬಲು ಸಿದ್ಧರಿಲ್ಲ, ಒಬ್ಬರು ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಇಂಥದ್ದು ಬೇಕಿತ್ತೇ ಎಂದು ಗದರಿಸಿದ್ದಾರೆ. ಬೇಕಿತ್ತು ಎಂದೇ ನನ್ನ ನಂಬಿಕೆ. ಆದರೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಾರದಿತ್ತು. ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೀನಿಗಾಗಿ ಮೈ ಒಪ್ಪಿಸುವುದೆಂದರೆ ಅದು ವೇಶ್ಯಾವೃತ್ತಿಯೇ ಅಲ್ಲವೇ? ಅದಕ್ಕೆ ಬೇರೆ ಹೆಸರಿಟ್ಟು ನಯಗೊಳಿಸುವುದೇಕೆ? ಬಡತನವೇ ಕಾರಣವೆನ್ನುವುದಾದರೆ, ಬಡವರೆಲ್ಲರೂ ಹಾಗೆ ಮಾಡುವುದಿಲ್ಲವಲ್ಲ! (ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ತಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಸರಿಯಾದ ಆಕ್ಷೇಪ. ಬಡತನ ಎಂಬ ಒಂದು ಪದ ಇಲ್ಲಿ ಏನನ್ನೂ ವಿವರಿಸುವುದಿಲ್ಲ. ಏನು ನಡೆಯುತ್ತದೆ ಎಂದು ತಿಳಿಯಬೇಕಾದರೆ ಬೆಳಗಿನ ಜಾವದಲ್ಲಿ ದೋಣಿಗಳು ದಡ ಸೇರುವ ಆ ಅರ್ಧ ಗಂಟೆಯನ್ನು ನೋಡಬೇಕು.

ಕೀನ್ಯಾದ ಲುವೋ ಭಾಷೆಯವರು ಒಮೇನಾ ಎನ್ನುವ, ಟಾಂಜಾನಿಯಾದಲ್ಲಿ ದಾಗಾ ಎಂದೂ ಉಗಾಂಡಾದಲ್ಲಿ ಮುಕೇನೆ ಎಂದೂ ಕರೆಯುವ ಬೆರಳುದ್ದದ ಬೆಳ್ಳಿಬಣ್ಣದ ಮೀನೊಂದು ಆ ಸರೋವರದಲ್ಲಿದೆ. ಅದನ್ನು ಹಿಡಿಯುವುದು ಕತ್ತಲ ರಾತ್ರಿಗಳಲ್ಲಿ, ನೀರಿನ ಮೇಲೆ ದೀಪ ತೇಲಿಬಿಟ್ಟು, ಬೆಳಕಿಗೆ ಮೀನು ಮುತ್ತಿಕೊಂಡ ಮೇಲೆ ಸುತ್ತಲೂ ಬಲೆ ಎಳೆದು. ಹುಣ್ಣಿಮೆಯ ಆಸುಪಾಸಿನಲ್ಲಿ ದೀಪಕ್ಕೆ ಬೆಲೆಯಿಲ್ಲದ್ದರಿಂದ ದೋಣಿಗಳಿಗೆ ಬಿಡುವು. ನಸುಕಿನಲ್ಲಿ ದೋಣಿ ಕಾಣಿಸುತ್ತಿದ್ದಂತೆಯೇ ಹೆಂಗಸರು ಪ್ಲಾಸ್ಟಿಕ್ ಬೇಸಿನ್ ಹಿಡಿದು ಮೊಣಕಾಲುದ್ದದ ನೀರಿಗೆ ಇಳಿದು ನಿಲ್ಲುತ್ತಾರೆ. ಮೀನು ಹಿಡಿದವರು ಗಂಡಸರು. ಅದನ್ನು ಕೊಂಡು, ಹಳೆಯ ಬಲೆಗಳ ಮೇಲೆ ಹರವಿ, ಒಣಗಿಸಿ, ಮೂಟೆ ಕಟ್ಟಿ ಪೇಟೆಗೆ ಸಾಗಿಸುವವರು ಹೆಂಗಸರು. ದೋಣಿಯಲ್ಲಿ ಇಪ್ಪತ್ತು ಬೇಸಿನ್ ಮೀನಿದ್ದು, ದಡದಲ್ಲಿ ನಲವತ್ತು ಬೇಸಿನ್ ಕಾದಿದ್ದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಮೊದಲ ಬೇಸಿನ್ ಯಾರಿಗೆ ಸಿಗುತ್ತದೋ ಅವಳ ಮೀನಿಗೆ ಇಡೀ ದಿನದ ಬಿಸಿಲು ಸಿಗುತ್ತದೆ. ತಡವಾಗಿ ಪಡೆದವಳ ಮೀನು ಅರೆಬರೆ ಒಣಗಿರುವಾಗಲೇ ಸಂಜೆಯಾಗುತ್ತದೆ ಅಥವಾ ಮಳೆ ಬರುತ್ತದೆ. ಮಳೆಗೆ ಸಿಕ್ಕಿ ಕೆಟ್ಟ ಒಮೇನಾ ಮನುಷ್ಯರ ಊಟದ ಬೆಲೆಗೆ ಹೋಗುವುದಿಲ್ಲ, ಕೋಳಿ ಆಹಾರದ ಬೆಲೆಗೆ ಹೋಗುತ್ತದೆ. ಬೇಸಿನ್ನೇ ಸಿಗದವಳು ಪೇಟೆಯಲ್ಲಿ ಮಾಡಿದ ಸಾಲವನ್ನೂ ಬಸ್ಸಿನ ಖರ್ಚನ್ನೂ ಹೊತ್ತು ಬರಿಗೈಯಲ್ಲಿ ಹಿಂದಿರುಗುತ್ತಾಳೆ.

ಈ ಸರದಿಯನ್ನು ನಿರ್ಧರಿಸುವ ಹರಾಜಾಗಲಿ ಚೀಟಿಯಾಗಲಿ ಬಹಳಷ್ಟು ದಡಗಳಲ್ಲಿ ಇಲ್ಲ. ಅದನ್ನು ನಿರ್ಧರಿಸುವುದು ಪರಿಚಯ. ಕೀನ್ಯಾದ ಕಡೆ ಜಬೋಯಾ ಎಂದು ಕರೆಯುವುದು ಇಂಥ ಒಂದು ಖಾಯಂ ಪರಿಚಯವನ್ನು: ಒಬ್ಬ ಮೀನುಗಾರ, ಅವನಿಂದಲೇ ಮೀನು ಕೊಳ್ಳುವ ಒಬ್ಬಳು ವ್ಯಾಪಾರಿ, ಇಬ್ಬರ ನಡುವೆ ದೇಹಸಂಬಂಧ. ಇಲ್ಲಿ ಬಹಳ ಜನ ಎಡವುವ ಅಂಶವೊಂದನ್ನು ಒತ್ತಿ ಹೇಳಬೇಕು. ಸಾಮಾನ್ಯವಾಗಿ ಅವಳು ಮೀನಿಗೆ ಹಣವನ್ನೂ ಕೊಡುತ್ತಾಳೆ. ಸಂಬಂಧದಿಂದ ಅವಳಿಗೆ ದೊರೆಯುವುದು ಪುಕ್ಕಟೆ ಮೀನಲ್ಲ. ಸರದಿಯಲ್ಲಿ ಮುಂದಿನ ಸ್ಥಾನ, ಬೆಲೆಯಲ್ಲಿ ತುಸು ರಿಯಾಯಿತಿ, ಕೈಯಲ್ಲಿ ದುಡ್ಡಿಲ್ಲದ ದಿನ ‘ಮಾರಿ ಬಂದ ಮೇಲೆ ಕೊಡು’ ಎನ್ನುವ ಉದ್ದರಿ. ಬಂಡವಾಳವಿದ್ದ ವ್ಯಾಪಾರಿ ಇದನ್ನೆಲ್ಲ ಮುಂಗಡ ಹಣ ಕೊಟ್ಟು ಪಡೆಯುತ್ತಾನೆ. ಬಂಡವಾಳವಿಲ್ಲದವಳಿಗೆ ಅದೇ ವಸ್ತುವನ್ನು ಪಡೆಯಲು ಉಳಿದಿರುವುದು ತನ್ನ ದೇಹ. ನನಗೆ ತೋರುವಂತೆ ಇದು ಮೊದಲು ಸಾಲದ ವ್ಯವಸ್ಥೆ, ಆಮೇಲೆ ಲೈಂಗಿಕತೆಯ ವಿಷಯ.

ಹಾಗಾದರೆ ವೇಶ್ಯಾವೃತ್ತಿಯಲ್ಲವೇ? ಪ್ರತಿ ಸಲಕ್ಕೆ ಇಷ್ಟು ಎಂಬ ದರ ಇಲ್ಲಿ ಇಲ್ಲ. ಸಂಬಂಧ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಅದರಲ್ಲಿ ಅಕ್ಕರೆಯೂ ಇರಬಹುದು, ಮಕ್ಕಳಾಗಬಹುದು, ಮದುವೆಯಲ್ಲಿ ಮುಗಿಯಲೂಬಹುದು. ಅವನಿಗೆ ಅವಳು ಅಡುಗೆ ಮಾಡಿಕೊಡುತ್ತಾಳೆ, ಬಟ್ಟೆ ಒಗೆದುಕೊಡುತ್ತಾಳೆ, ಕಾಯಿಲೆ ಬಿದ್ದರೆ ನೋಡಿಕೊಳ್ಳುತ್ತಾಳೆ. ಹಣಕ್ಕಾಗಿ ಲೈಂಗಿಕ ವೃತ್ತಿ ನಡೆಸುವ ಹೆಂಗಸರು ದಡದ ಬೇರೊಂದು ಮೂಲೆಯಲ್ಲಿ ಪ್ರತ್ಯೇಕವಾಗಿ ಇರುತ್ತಾರೆ, ಮತ್ತು ಈ ಎರಡನ್ನೂ ಒಂದೇ ಎಂದರೆ ವ್ಯಾಪಾರಿ ಹೆಂಗಸರು ಒಪ್ಪುವುದಿಲ್ಲ. ಆಫ್ರಿಕಾದ ಒಳನಾಡು ಮೀನುಗಾರಿಕೆಯ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2008ರ ಒಂದು ಸಂಶೋಧನಾ ಲೇಖನವು, ಈ ಹೆಂಗಸರನ್ನು ಕೇವಲ ನಿಸ್ಸಹಾಯಕರೆಂದು ಚಿತ್ರಿಸುವುದು ತಪ್ಪು, ವ್ಯಾಪಾರದ ಲೆಕ್ಕಾಚಾರವೂ ಇದರಲ್ಲಿ ಇದೆ ಎಂದು ವಾದಿಸಿತು. ಆ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಲೆಕ್ಕಾಚಾರ ಅವಳದ್ದೇ ಸರಿ, ಆದರೆ ಲೆಕ್ಕದ ಹಲಗೆ, ಬಳಪ ಎರಡೂ ಬೇರೆಯವರ ಕೈಯಲ್ಲಿವೆ.

ಪ್ರಶ್ನೆ: ತರಕಾರಿ, ಹಾಲು ಸಹ ಬೇಗ ಕೆಡುವ ವಸ್ತುಗಳೇ. ಅಲ್ಲಿ ಕಾಣದ ಈ ಪದ್ಧತಿ ಮೀನಿನಲ್ಲಿಯೇ ಏಕೆ? (ಅರ್ಥಶಾಸ್ತ್ರದ ವಿದ್ಯಾರ್ಥಿನಿ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಕೆಡುವ ಗುಣ ಒಂದೇ ಸಾಲದು. ಅದರ ಜೊತೆ ಇನ್ನೂ ಮೂರು ನಾಲ್ಕು ಸಂಗತಿಗಳು ಒಂದೆಡೆ ಸೇರಬೇಕು. ಹಾಲು ನಾಳೆಯೂ ಇಷ್ಟೇ ಸಿಗುತ್ತದೆ ಎಂದು ಗೊತ್ತಿರುತ್ತದೆ, ಮೀನು ಇವತ್ತು ಎಷ್ಟು ಸಿಕ್ಕೀತು ಎಂಬುದು ದೋಣಿ ಬಂದಾಗಲೇ ತಿಳಿಯುವುದು. ತೋಟದಲ್ಲಿ ಹೆಂಗಸು ಕೆಲಸ ಮಾಡಬಹುದು, ಸ್ವಂತಕ್ಕೆ ನಾಲ್ಕು ಪಾತಿ ಬೆಳೆಯಬಹುದು. ಆದರೆ ಈ ಸರೋವರದ ಅನೇಕ ದಡಗಳಲ್ಲಿ ಹೆಂಗಸು ದೋಣಿ ಹತ್ತುವುದೇ ಅಪಶಕುನ, ಮುಟ್ಟಾದವಳು ಬಲೆ ದಾಟಿದರೆ ಮೀನು ಓಡುತ್ತದೆ ಎಂಬ ನಂಬಿಕೆ ಇದೆ. ಹೀಗಾಗಿ ಮೀನು ಉತ್ಪಾದನೆಯಾಗುವ ಜಾಗಕ್ಕೂ ಅವಳಿಗೂ ನಡುವೆ ನೀರಿನ ಗೆರೆಯೊಂದು ಎಳೆದಂತಾಗುತ್ತದೆ. ಜೊತೆಗೆ ಮೀನುಗಾರರು ಮೀನಿನ ಹಿಂದೆ ದಡದಿಂದ ದಡಕ್ಕೆ ವಲಸೆ ಹೋಗುವವರು. ಹೆಂಡತಿ ಮಕ್ಕಳು ದೂರದ ಊರಿನಲ್ಲಿ, ಕೈಯಲ್ಲಿ ದಿನದಿನದ ರೊಕ್ಕ, ಸುತ್ತಲೂ ಹೆಂಡದಂಗಡಿ.

ಇತಿಹಾಸವೂ ಸೇರಿಕೊಂಡಿದೆ. ವಿಕ್ಟೋರಿಯಾ ಸರೋವರಕ್ಕೆ ಹೊರಗಿನಿಂದ ನೈಲ್ ಪರ್ಚ್ ಎಂಬ ಭಾರಿ ಗಾತ್ರದ ಬೇಟೆ ಮೀನನ್ನು ತಂದುಬಿಟ್ಟದ್ದು 1950 ಮತ್ತು 60ರ ದಶಕಗಳಲ್ಲಿ. 1980ರ ದಶಕದಲ್ಲಿ ಅದು ಸರೋವರದ ಸ್ಥಳೀಯ ಸಣ್ಣ ಮೀನುಗಳನ್ನು ತಿಂದು ವಿಪರೀತವಾಗಿ ಬೆಳೆಯಿತು, ಯುರೋಪಿಗೆ ರಫ್ತಾಗತೊಡಗಿತು, ದಡದ ಪಟ್ಟಣಗಳಲ್ಲಿ ಸಂಸ್ಕರಣಾ ಕಾರ್ಖಾನೆಗಳು ತಲೆಯೆತ್ತಿದವು. ಕಾರ್ಖಾನೆಗೆ ಬೇಕಾದದ್ದು ಮಂಜುಗಡ್ಡೆ ತುಂಬಿದ ಲಾರಿ ಮತ್ತು ಮುಂಗಡ ಹಣ ಇರುವ ದಲ್ಲಾಳಿ. ಅವೆರಡೂ ಇದ್ದವರು ಗಂಡಸರು. ದೊಡ್ಡ ಮೀನಿನ ವ್ಯಾಪಾರದಲ್ಲಿ ಮೊದಲು ಇದ್ದ ಹೆಂಗಸರು ಹೀಗೆ ಒಮೇನಾದತ್ತ ಸರಿದರು, ಅಥವಾ ಕಾರ್ಖಾನೆ ಮಾಂಸ ಕತ್ತರಿಸಿಕೊಂಡು ಹೊರಗೆಸೆದ ಮೀನಿನ ತಲೆ ಮತ್ತು ಬೆನ್ನೆಲುಬನ್ನು ಕೊಂಡು, ಎಣ್ಣೆಯಲ್ಲಿ ಕರಿದು ಮಾರತೊಡಗಿದರು. ಆ ಎಲುಬಿಗೆ ಸ್ವಾಹಿಲಿಯಲ್ಲಿ ‘ಮ್ಗೊಂಗೊ ವಾಜಿ’ ಎನ್ನುತ್ತಾರೆ, ‘ತೆರೆದ ಬೆನ್ನು’ ಎಂದರ್ಥ. ಮಾಂಸ ವಿಮಾನ ಹತ್ತಿತು, ಎಲುಬು ಊರಲ್ಲಿ ಉಳಿಯಿತು. ಆಮೇಲೆ ಬಲೆಗೆ ಸಿಗುವ ಮೀನು ಕಡಿಮೆಯಾಗುತ್ತ ಬಂದಂತೆ ಒಂದು ದೋಣಿಗೆ ಕಾಯುವ ಬೇಸಿನ್‌ಗಳ ಸಂಖ್ಯೆ ಹೆಚ್ಚಿತು. ಸರದಿಯ ಬೆಲೆ ಏರುವುದು ಹೀಗೆಯೇ. ನೀವು ತರಗತಿಯಲ್ಲಿ ಓದುವ ಬೇಡಿಕೆ ಮತ್ತು ಪೂರೈಕೆಯ ರೇಖೆಗಳು ಇಲ್ಲಿ ಸಂಧಿಸುವ ಬಿಂದುವಿನಲ್ಲಿ ಒಬ್ಬಳು ಹೆಂಗಸು ನಿಂತಿದ್ದಾಳೆ ಎಂಬುದಷ್ಟೇ ವ್ಯತ್ಯಾಸ.

ಇದು ಒಂದೇ ಸರೋವರದ ಕಥೆಯಲ್ಲ. ಜಾಂಬಿಯಾದ ಕಫ್ಯೂ ನದಿಯ ಬಯಲಿನಲ್ಲಿ, ಮಲಾವಿಯ ಸರೋವರ ದಡಗಳಲ್ಲಿ ಇದೇ ಬಗೆಯ ವಿನಿಮಯ ದಾಖಲಾಗಿದೆ. ಹಾಗೆಂದು ಮೀನುಗಾರರಿರುವಲ್ಲೆಲ್ಲ ಇದು ಇದೆ ಎಂದು ಯಾರೂ ತಿಳಿಯಬಾರದು. ಹೆಂಗಸರ ಕೈಯಲ್ಲಿಯೇ ಸಾಲ ಕೊಡುವ ಶಕ್ತಿ ಇರುವ ದಡಗಳೂ ಉಂಟು. ಘಾನಾದ ಕರಾವಳಿಯಲ್ಲಿ ಹೆಣ್ಣು ವ್ಯಾಪಾರಿಗಳೇ ದೋಣಿಗಳ ಖರ್ಚಿಗೆ ಹಣ ಒದಗಿಸಿ, ಮೀನಿನ ಬೆಲೆ ಕಟ್ಟುವ ಸಂಪ್ರದಾಯವಿದೆ. ಹಣದ ಹರಿವು ತಿರುಗಿದರೆ ಮೀನಿನ ಮೇಲಿನ ಹಕ್ಕೂ ತಿರುಗುತ್ತದೆ.

ಪ್ರಶ್ನೆ: ಮೀನುಗಾರರಲ್ಲಿ ಎಚ್‌ಐವಿ ಹೆಚ್ಚು ಎಂದು ಓದಿದ್ದೇನೆ. ನಿಜವೇ? ಅವರಿಂದಲೇ ಉಳಿದವರಿಗೆ ಹರಡುತ್ತಿದೆ ಎನ್ನುತ್ತಾರಲ್ಲ? (ಹೆಸರು ಬೇಡ ಎಂದವರು)

ಉತ್ತರ: ಮೊದಲ ಪ್ರಶ್ನೆಗೆ ಹೌದು, ಎರಡನೆಯದಕ್ಕೆ ಇಲ್ಲ.

ಉಗಾಂಡಾದಲ್ಲಿ ಏಡ್ಸ್ ಕಾಯಿಲೆಯ ಮೊದಲ ಪ್ರಕರಣಗಳು 1982ರಲ್ಲಿ ಗಮನಕ್ಕೆ ಬಂದದ್ದು ವಿಕ್ಟೋರಿಯಾ ಸರೋವರದ ಕಸೆನ್ಸೆರೊ ಎಂಬ ಮೀನುಗಾರರ ದಡದಲ್ಲಿ. ಮೈ ಕರಗಿ ಸಾಯುತ್ತಿದ್ದವರನ್ನು ನೋಡಿ ಜನ ಅದನ್ನು ‘ಸ್ಲಿಮ್’ ಎಂದು ಕರೆದರು. 2005ರಲ್ಲಿ ಹತ್ತು ಬಡ ಮತ್ತು ಮಧ್ಯಮ ಆದಾಯದ ದೇಶಗಳ ಅಂಕಿಗಳನ್ನು ಹೋಲಿಸಿದ ಅಧ್ಯಯನವೊಂದು, ಅವುಗಳ ಪೈಕಿ ಹಲವೆಡೆ ಮೀನುಗಾರರಲ್ಲಿ ಸೋಂಕಿನ ಪ್ರಮಾಣ ಸಾಮಾನ್ಯ ವಯಸ್ಕರಿಗಿಂತ 4ರಿಂದ 14 ಪಟ್ಟು ಇದೆ ಎಂದು ತೋರಿಸಿತು. ಉಗಾಂಡಾದ ರಾಕಾಯ್ ಪ್ರದೇಶದಲ್ಲಿ ದೀರ್ಘಕಾಲ ನಡೆದ ಸಮೀಕ್ಷೆಯ ಪ್ರಕಾರ ಕೃಷಿಯ ಹಳ್ಳಿಗಳಲ್ಲಿ ವಯಸ್ಕರ ಪೈಕಿ ಶೇ. 14ರ ಸುಮಾರು ಜನರಿಗೆ ಎಚ್‌ಐವಿ ಇದ್ದರೆ, ಸರೋವರದ ಮೀನುಗಾರ ಊರುಗಳಲ್ಲಿ ಅದು ಶೇ. 40ರ ಆಸುಪಾಸು. ಕೀನ್ಯಾದ 2018ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇಡೀ ದೇಶದ ವಯಸ್ಕರಲ್ಲಿ ಶೇ. 4.9 ಇದ್ದದ್ದು, ಸರೋವರಕ್ಕೆ ತಾಗಿದ ಹೋಮಾ ಬೇ ಕೌಂಟಿಯಲ್ಲಿ ಶೇ. 19.6. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ: ದೇಶದಾದ್ಯಂತ ಗಂಡಸರಲ್ಲಿ ಶೇ. 3.1, ಹೆಂಗಸರಲ್ಲಿ ಶೇ. 6.6.

ಕಾರಣವನ್ನು ಬಹುತೇಕರು ‘ಹೆಚ್ಚು ಜನರೊಂದಿಗೆ ಸಂಬಂಧ’ ಎಂದು ಹೇಳಿ ಮುಗಿಸುತ್ತಾರೆ. ಎಷ್ಟು ಜನ ಎಂಬುದಕ್ಕಿಂತ, ಆ ಸಂಬಂಧಗಳು ಒಂದೇ ಕಾಲದಲ್ಲಿ ನಡೆಯುತ್ತವೆಯೇ ಎಂಬುದು ಇಲ್ಲಿ ಹೆಚ್ಚು ಮುಖ್ಯ. ಒಬ್ಬ ಮೀನುಗಾರನಿಗೆ ಊರಲ್ಲಿ ಹೆಂಡತಿ, ಈ ದಡದಲ್ಲಿ ಒಬ್ಬಳು ಗಿರಾಕಿ, ಮೀನು ಸರಿದಾಗ ಹೋಗುವ ಇನ್ನೊಂದು ದಡದಲ್ಲಿ ಮತ್ತೊಬ್ಬಳು. ಒಂದೇ ದೋಣಿಯನ್ನು ನಂಬಲಾಗದ ವ್ಯಾಪಾರಿಗೂ ಹಾಗೆಯೇ ಎರಡು ದೋಣಿಗಳಲ್ಲಿ ಇಬ್ಬರು. ಯಾರೂ ಲೆಕ್ಕವಿಲ್ಲದಷ್ಟು ಜನರೊಂದಿಗೆ ಮಲಗುತ್ತಿಲ್ಲ, ಆದರೂ ಎಲ್ಲರೂ ಎಲ್ಲರಿಗೂ ಗಂಟು ಬಿದ್ದಿದ್ದಾರೆ, ಬಲೆಯ ಕಣ್ಣುಗಳ ಹಾಗೆ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ರಕ್ತದಲ್ಲಿ ವೈರಾಣುವಿನ ಪ್ರಮಾಣ ಅತಿ ಹೆಚ್ಚಿರುತ್ತದೆ, ಆಗ ಹರಡುವ ಸಾಧ್ಯತೆಯೂ ಹೆಚ್ಚು. ಒಂದರ ನಂತರ ಒಂದು ಸಂಬಂಧವಾಗಿದ್ದರೆ ಆ ವಾರಗಳು ಒಬ್ಬರೊಂದಿಗೆ ಕಳೆದುಹೋಗುತ್ತವೆ, ಏಕಕಾಲದ ಸಂಬಂಧಗಳಲ್ಲಿ ಹಾಗೆ ಕಳೆದುಹೋಗುವುದಿಲ್ಲ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಮೀನುಗಾರ ದಡಗಳಿಂದ ಸೋಂಕು ಒಳನಾಡಿಗೆ ಹರಿಯುತ್ತದೆ ಎಂಬ ನಂಬಿಕೆ ವೈದ್ಯರಲ್ಲಿಯೂ ಇತ್ತು. ರಾಕಾಯ್‌ನಲ್ಲಿ ವೈರಾಣುಗಳ ವಂಶವಾಹಿ ರಚನೆಯನ್ನು ಹೋಲಿಸಿ, ಯಾರಿಂದ ಯಾರ ಕಡೆಗೆ ಹರಿದಿದೆ ಎಂದು ಪತ್ತೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ತದ್ವಿರುದ್ಧವಾದದ್ದನ್ನು ಕಂಡಿತು: ಸರೋವರದಿಂದ ಒಳನಾಡಿಗೆ ಹೋದದ್ದಕ್ಕಿಂತ ಒಳನಾಡಿನಿಂದ ಸರೋವರದ ಕಡೆಗೆ ಬಂದದ್ದೇ ಹೆಚ್ಚು. ವಿಧವೆಯಾದವರು, ಮದುವೆ ಮುರಿದವರು, ಜಮೀನಿಲ್ಲದವರು ಬದುಕು ಕಟ್ಟಿಕೊಳ್ಳಲು ದಡಕ್ಕೆ ಬರುತ್ತಾರೆ, ಕೆಲವರು ಬರುವಾಗಲೇ ಸೋಂಕನ್ನು ಹೊತ್ತಿರುತ್ತಾರೆ. ಕಳಂಕ ಮಾತ್ರ ದಡದವರ ತಲೆಗೆ.

ಪ್ರಶ್ನೆ: ಕಾಂಡೋಮ್ ಉಚಿತವಾಗಿ ಹಂಚಿದರೆ ಸಮಸ್ಯೆ ಮುಗಿಯಲಿಲ್ಲವೇ?

ಉತ್ತರ: ಹಂಚಲೇಬೇಕು, ಮತ್ತು ಹಂಚಲಾಗುತ್ತಿದೆ. ಆದರೆ ಕಾಂಡೋಮ್ ಬಳಸು ಎಂದು ಅವಳು ಹೇಳಬೇಕಾದವನು, ನಾಳೆ ಬೆಳಿಗ್ಗೆ ಅವಳ ಬೇಸಿನ್ನಿಗೆ ಮೀನು ಸುರಿಯಬೇಕಾದವನೇ ಆಗಿದ್ದಾನೆ. ಜೊತೆಗೆ ಖಾಯಂ ಸಂಬಂಧದಲ್ಲಿ ಕಾಂಡೋಮಿನ ಮಾತೆತ್ತುವುದೆಂದರೆ ‘ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ’ ಎಂದಂತೆ, ನಂಬಿಕೆಯೇ ಈ ಸಂಬಂಧದ ಬಂಡವಾಳ. ಆದ್ದರಿಂದ ಇನ್ನೊಬ್ಬರ ಒಪ್ಪಿಗೆ ಬೇಡದ ಉಪಾಯಗಳಿಗೆ ಇಂಥ ಕಡೆ ವಿಶೇಷ ಬೆಲೆ ಇದೆ. ಸೋಂಕಿಲ್ಲದವರು ಅದು ತಗುಲದಿರಲೆಂದು ದಿನವೂ ನುಂಗುವ ಪ್ರೆಪ್ ಮಾತ್ರೆಯನ್ನು ಹೆಚ್ಚು ಅಪಾಯದಲ್ಲಿರುವ ಎಲ್ಲರಿಗೂ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆದರೆ ಮಾತ್ರೆಯ ಡಬ್ಬಿಯನ್ನು ಒಂದೇ ಕೋಣೆಯ ತಗಡಿನ ಮನೆಯಲ್ಲಿ ಎಲ್ಲಿ ಬಚ್ಚಿಡುವುದು? ಅಲುಗಿಸಿದರೆ ಗಲಗಲ ಎನ್ನುವ ಆ ಡಬ್ಬಿಯನ್ನು ಕಂಡವರು ಅದು ಎಚ್‌ಐವಿ ಇದ್ದವರ ಔಷಧ ಎಂದೇ ತಿಳಿಯುತ್ತಾರೆ. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಕಾಪವಿರ್ ಎಂಬ ಮದ್ದನ್ನು ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದ ಯುವತಿಯರಲ್ಲಿ ಪರೀಕ್ಷಿಸಿದಾಗ, ಅದನ್ನು ಪಡೆದ ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ ಎಂಬ ಫಲಿತಾಂಶ 2024ರಲ್ಲಿ ಬಂತು. 2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ವರ್ಷಕ್ಕೆ ಎರಡು ಚುಚ್ಚುಮದ್ದು, ಬಚ್ಚಿಡಲು ಡಬ್ಬಿಯಿಲ್ಲ. ದಡದ ಹೆಂಗಸಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮದ್ದು ದಡದವರೆಗೆ ತಲುಪಬೇಕು, ಅಷ್ಟೇ.

ಪ್ರಶ್ನೆ: ನಾನು ಶುಶ್ರೂಷಕಿ. ಎಲ್ಲರೂ ಎಚ್‌ಐವಿ ಒಂದನ್ನೇ ಹೇಳುತ್ತಾರೆ. ಇಂಥ ಊರುಗಳಲ್ಲಿ ಬೇರೆ ಲೈಂಗಿಕ ಆರೋಗ್ಯ ಸಮಸ್ಯೆಗಳಿಲ್ಲವೇ? ಚಿಕಿತ್ಸೆ ಕೊಟ್ಟವರಿಗೆ ಫಲ ಸಿಕ್ಕಿದೆಯೇ?

ಉತ್ತರ: ಸಿಸ್ಟರ್, ನಿಮ್ಮ ಅಸಮಾಧಾನ ನ್ಯಾಯವಾದದ್ದು. ಗೊನೊರಿಯಾ ಮತ್ತು ಕ್ಲಮಿಡಿಯಾ ಹೆಂಗಸರಲ್ಲಿ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರದೆ ಗರ್ಭನಾಳಗಳನ್ನು ಹಾಳುಗೆಡವುತ್ತವೆ. ಪೆನಿಸಿಲಿನ್ ಚುಚ್ಚುಮದ್ದಿಗೆ ಬಗ್ಗುವ ಸಿಫಿಲಿಸ್, ಗರ್ಭಿಣಿಯಲ್ಲಿ ಪತ್ತೆಯಾಗದೆ ಉಳಿದರೆ ಮಗುವನ್ನು ಕೊಲ್ಲಬಲ್ಲದು. ಎಚ್‌ಐವಿ ಇರುವ ಹೆಂಗಸಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು.

ಇವೆಲ್ಲ ನಿಮಗೆ ಗೊತ್ತಿರುವುದೇ. ಆದರೆ ನೀರಿನಲ್ಲಿ ನಿಂತು ದುಡಿಯುವವರನ್ನು ಹೆಚ್ಚಾಗಿ ಕಾಡುವ ಒಂದು ಕಾಯಿಲೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಆಸ್ಪತ್ರೆಗಳಲ್ಲಿಯೂ ಇದು ತಪ್ಪಿಹೋಗುತ್ತದೆ. ಸಿಹಿನೀರಿನ ಬಸವನಹುಳುವಿನಲ್ಲಿ ಬೆಳೆದು ನೀರಿಗಿಳಿದವರ ಚರ್ಮದ ಮೂಲಕ ದೇಹ ಸೇರುವ ಶಿಸ್ಟೊಸೋಮ ಎಂಬ ಹುಳುವಿನ ಒಂದು ಬಗೆ ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ನೆಲೆಸುತ್ತದೆ. ಮಲಾವಿ ಸರೋವರದ ದಡದಲ್ಲಿ ಅದು ಇದೆ. ಅದರ ಮೊಟ್ಟೆಗಳು ಹೆಂಗಸರ ಯೋನಿ ಮತ್ತು ಗರ್ಭಕಂಠದ ಒಳಪದರದಲ್ಲಿ ಸಿಕ್ಕಿಕೊಂಡಾಗ ಅಲ್ಲಿ ಮರಳಿನ ಕಣಗಳಂತಹ ಮಚ್ಚೆಗಳು ಮೂಡುತ್ತವೆ, ಮುಟ್ಟಿದರೆ ರಕ್ತ ಒಸರುತ್ತದೆ, ಸಂಭೋಗದಲ್ಲಿ ನೋವು, ಬಿಳಿಸೆರಗು, ಬಂಜೆತನ ಕಾಡುತ್ತವೆ. ಆಸ್ಪತ್ರೆಗೆ ಹೋದವಳಿಗೆ ಲೈಂಗಿಕ ಸೋಂಕು ಎಂದು ಹೇಳಿ ಮಾತ್ರೆ ಕೊಡುತ್ತಾರೆ, ವಾಸಿಯಾಗುವುದಿಲ್ಲ, ಮನೆಯಲ್ಲಿ ಅವಳ ನಡತೆಯ ಮೇಲೆ ಅನುಮಾನ ಬೀಳುತ್ತದೆ. ಅವಳು ಮಾಡಿದ್ದು ನೀರಿಗಿಳಿದು ಬಟ್ಟೆ ಒಗೆದದ್ದು, ಮೀನು ತೊಳೆದದ್ದು ಮಾತ್ರ ಆಗಿರಬಹುದು. ಹುಳುವನ್ನು ಕೊಲ್ಲುವ ಪ್ರಾಜಿಕ್ವಾಂಟೆಲ್ ಎಂಬ ಅಗ್ಗದ ಮಾತ್ರೆ ಇದೆ, ಆದರೆ ಹಳೆಯದಾದ ಗಾಯವನ್ನು ಅದು ಪೂರ್ತಿ ಮಾಯಿಸುವುದಿಲ್ಲ. ಹಾಗೆ ಒಡೆದ ಒಳಪದರದ ಮೂಲಕ ಎಚ್‌ಐವಿ ಸುಲಭವಾಗಿ ಪ್ರವೇಶಿಸುತ್ತದೆಯೇ ಎಂಬ ವಿಚಾರವಾಗಿ ಸಂಶೋಧನೆ ನಡೆಯುತ್ತಿದೆ.

ಚಿಕಿತ್ಸೆಯ ಫಲವನ್ನು ಕೇಳಿದ್ದೀರಿ. ರಾಕಾಯ್‌ನ ದಡಗಳಲ್ಲಿ 2011ರಿಂದ 2017ರವರೆಗೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧ ಪಡೆಯುವವರ ಪ್ರಮಾಣ ಸೋಂಕಿತರಲ್ಲಿ ಶೇ. 16ರಿಂದ 82ಕ್ಕೆ ಏರಿತು, ಗಂಡಸರ ಸುನ್ನತಿಯೂ ಹೆಚ್ಚಿತು. ಅದೇ ಅವಧಿಯಲ್ಲಿ ಹೊಸದಾಗಿ ಸೋಂಕು ತಗುಲುವವರು ವರ್ಷಕ್ಕೆ ನೂರಕ್ಕೆ 3.43ರಿಂದ 1.59ಕ್ಕೆ ಇಳಿದರು. ಸುನ್ನತಿಯಿಂದ ಗಂಡಸಿಗೆ ಸೋಂಕು ತಗುಲುವ ಸಾಧ್ಯತೆ ಸುಮಾರು ಶೇ. 60ರಷ್ಟು ಕಡಿಮೆಯಾಗುತ್ತದೆ ಎಂದು ತೋರಿಸಿದ ಮೂರು ಪ್ರಯೋಗಗಳಲ್ಲಿ ಎರಡು ನಡೆದದ್ದು ಇದೇ ಸರೋವರದ ಸುತ್ತಲಿನ ಪ್ರದೇಶದಲ್ಲಿ, ಕೀನ್ಯಾದ ಕಿಸುಮು ಮತ್ತು ಉಗಾಂಡಾದ ರಾಕಾಯ್‌ನಲ್ಲಿ. ಔಷಧವನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ ಎಂಬ ಮಾತನ್ನು ನಿಮ್ಮ ರೋಗಿಗಳಿಗೆ ಧೈರ್ಯವಾಗಿ ಹೇಳಿ.

ಆದರೆ ‘ತಪ್ಪದೆ’ ಎಂಬಲ್ಲಿಯೇ ತೊಡಕು. ಕ್ಲಿನಿಕ್ ತೆರೆಯುವುದು ಬೆಳಿಗ್ಗೆ. ರಾತ್ರಿಯೆಲ್ಲ ನೀರಿನಲ್ಲಿದ್ದವನು ನಿದ್ದೆ ಹೋಗುವುದೂ ಆಗಲೇ, ಅವನ ಮೀನು ಕೊಂಡವಳು ಬಿಸಿಲಿನಲ್ಲಿ ಮೀನು ಮಗುಚುತ್ತಿರುವುದೂ ಆಗಲೇ. ಮೂರು ಅಥವಾ ಆರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದ ಮೇಲೆ ವಲಸೆ ಹೋಗುವವರಿಗೆ ಬಹಳ ಅನುಕೂಲವಾಯಿತು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ, ಆ ಹಣದ ಮೇಲೆ ನಿಂತಿದ್ದ ಇಂಥ ಸೇವೆಗಳು ಎಷ್ಟು ತೆಳುವಾದ ಹಗ್ಗಕ್ಕೆ ಕಟ್ಟಿದ್ದವು ಎಂಬುದೂ ಗೊತ್ತಾಯಿತು.

ಪ್ರಶ್ನೆ: ಹೆಂಗಸರಿಗೇ ದೋಣಿ ಕೊಡಿಸಿದರೆ? (ಸ್ವಸಹಾಯ ಸಂಘದ ಸದಸ್ಯೆಯರು)

ಉತ್ತರ: ಕೊಡಿಸಿದ ಉದಾಹರಣೆ ಇದೆ. ಕೀನ್ಯಾದ ಕಿಸುಮು ಕೌಂಟಿಯ ಎನ್ದುರು ಎಂಬ ದಡದಲ್ಲಿ 2011ರ ಸುಮಾರಿಗೆ ಹೆಂಗಸರ ಗುಂಪೊಂದು ‘ನೋ ಸೆಕ್ಸ್ ಫಾರ್ ಫಿಶ್’ (ಮೀನಿಗಾಗಿ ದೇಹಸಂಬಂಧವಿಲ್ಲ) ಎಂಬ ಹೆಸರಿನಲ್ಲಿ ಸೇರಿ, ಹೊರಗಿನ ನೆರವಿನಿಂದ ತಮ್ಮದೇ ದೋಣಿಗಳನ್ನು ಮಾಡಿಸಿಕೊಂಡಿತು. ಮೀನು ಹಿಡಿಯಲು ಗಂಡಸರನ್ನೇ ಕೂಲಿಗೆ ಇಟ್ಟುಕೊಂಡರು, ಆದರೆ ದಡಕ್ಕೆ ಬಂದ ಮೀನು ಹೆಂಗಸರದ್ದು. ಯಾರಿಗೆ ಮೊದಲು ಅಳೆಯಬೇಕೆಂದು ಹೇಳುವವಳು ದೋಣಿಯ ಒಡತಿಯಾದಳು. ಹೆಸರಿನಲ್ಲಿಯೇ ವಿಷಯವನ್ನು ಬಾಯಿಬಿಟ್ಟು ಹೇಳಿದ ಆ ಹೆಂಗಸರ ಎದೆಗಾರಿಕೆಯನ್ನು ನಾನು ಮೆಚ್ಚುತ್ತೇನೆ.

ಆಮೇಲಿನದ್ದನ್ನೂ ಹೇಳಬೇಕು. ದೋಣಿಗಳು ಬೆರಳೆಣಿಕೆಯಷ್ಟು, ಕಾಯುವ ಹೆಂಗಸರು ನೂರಾರು. ಮರದ ದೋಣಿ ಕೆಲವೇ ವರ್ಷಗಳಲ್ಲಿ ಸೋರತೊಡಗುತ್ತದೆ, ದುರಸ್ತಿಗೆ ಮತ್ತೆ ಹಣ ಬೇಕು. 2020ರಲ್ಲಿ ಸರೋವರದ ಮಟ್ಟ ವಿಪರೀತ ಏರಿ ಊರೇ ಮುಳುಗಿದಾಗ ಅಲ್ಲಿನ ಹೆಂಗಸರು ಮನೆಮಠ ಕಳೆದುಕೊಂಡರು. ದೋಣಿಯಿಂದ ಏನೂ ಆಗಲಿಲ್ಲ ಎಂದು ಇದರಿಂದ ತೀರ್ಮಾನಿಸುವವರನ್ನು ನಾನು ಒಪ್ಪುವುದಿಲ್ಲ. ದೋಣಿ ಒಂದೇ ಸಾಲದು ಎಂಬುದನ್ನು ಮಾತ್ರ ಒಪ್ಪುತ್ತೇನೆ. ಸಂಘದ ಸದಸ್ಯೆಯರಾದ ತಮಗೆ ಇದು ಸಹಜವಾಗಿಯೇ ಅರ್ಥವಾಗುತ್ತದೆ: ಮುಂಗಡ ಕೊಡಲು ಹತ್ತಿಪ್ಪತ್ತು ಜನರ ಉಳಿತಾಯದ ಹಣವಿದ್ದರೆ ದೋಣಿಯೇ ಬೇಕಾಗಿಲ್ಲ. ಮೀನು ಒಣಗಿಸಲು ನೆಲದಿಂದ ಎತ್ತರಿಸಿದ ಜಾಲರಿಯ ಅಟ್ಟಣೆಯಿದ್ದರೆ, ಅದರ ಮೇಲೆ ಮಳೆಗೆ ಹೊದಿಸಲು ಪ್ಲಾಸ್ಟಿಕ್ ಹಾಳೆಯಿದ್ದರೆ, ಮೊದಲ ಬೇಸಿನ್ನಿಗೂ ಹತ್ತನೆಯ ಬೇಸಿನ್ನಿಗೂ ಇರುವ ಅಂತರ ಕಿರಿದಾಗುತ್ತದೆ. ಮೀನನ್ನು ದಡದಲ್ಲಿ ತೂಕ ಹಾಕಿ ಎಲ್ಲರೆದುರು ಬೆಲೆ ಕೂಗಿ ಮಾರಿದರೆ ಪರಿಚಯದ ಬೆಲೆ ಇಳಿಯುತ್ತದೆ. ಕೀನ್ಯಾದಲ್ಲಿ 2007ರ ನಿಯಮಗಳು ಬಂದಾಗಿನಿಂದ ಪ್ರತಿ ದಡಕ್ಕೂ ನಿರ್ವಹಣಾ ಸಮಿತಿ ಇದೆ, ಅದರಲ್ಲಿ ಹೆಂಗಸರಿಗೆ ಸ್ಥಾನವೂ ಇದೆ. ಆದರೆ ಸಭೆಯಲ್ಲಿ ಮಾತಾಡುವವರು ಹೆಚ್ಚಾಗಿ ದೋಣಿಯವರೇ. ಸಣ್ಣ ಮೀನುಗಾರಿಕೆಗಾಗಿ 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಒಪ್ಪಿದ ಸ್ವಯಂಪ್ರೇರಿತ ಮಾರ್ಗಸೂಚಿಗಳು ಲಿಂಗ ಸಮಾನತೆಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿವೆ. ಜಗತ್ತಿನ ಸಣ್ಣ ಮೀನುಗಾರಿಕೆಯಲ್ಲಿ ತೊಡಗಿದ ಪ್ರತಿ 10 ಜನರಲ್ಲಿ 4 ಮಂದಿ ಹೆಂಗಸರೆಂದು ಎಣಿಕೆಯಾಗಿರುವಾಗ, ಒಂದು ಅಧ್ಯಾಯ ಹೆಚ್ಚೇನೂ ಅಲ್ಲ.

ಪ್ರಶ್ನೆ: ಎಲ್ಲ ತಪ್ಪನ್ನೂ ಗಂಡಸರ ಮೇಲೆ ಹೊರಿಸಿದ್ದೀರಿ. ಅವರೇನು ಶ್ರೀಮಂತರೇ?

ಉತ್ತರ: ಅಲ್ಲ. ದೋಣಿ ಎಳೆಯುವ ಹುಡುಗನಿಗೆ ದೋಣಿಯೂ ಸ್ವಂತದ್ದಲ್ಲ, ಬಲೆಯೂ ಅಲ್ಲ. ಇಂಧನದ ಖರ್ಚು ಕಳೆದು, ಮಾಲೀಕನ ಪಾಲು ತೆಗೆದು ಉಳಿದದ್ದರಲ್ಲಿ ಅವನ ಪಾಲು. ಬಿರುಗಾಳಿಗೆ ಸಿಕ್ಕಿ ಮುಳುಗುವವನೂ ಅವನೇ. ತನ್ನ ಕೈಯಲ್ಲಿರುವ ಒಂದೇ ಒಂದು ಅಧಿಕಾರ, ಅಂದರೆ ಯಾರ ಬೇಸಿನ್ನಿಗೆ ಸುರಿಯಬೇಕೆಂಬುದು, ಅದನ್ನು ಅವನು ಬಳಸಿಕೊಳ್ಳುತ್ತಾನೆ. ಪರೀಕ್ಷೆಗೂ ಚಿಕಿತ್ಸೆಗೂ ಕಡಿಮೆ ಬರುವವರು ಗಂಡಸರೇ ಆಗಿರುವುದರಿಂದ, ಅವರನ್ನು ದೂರಿ ಹೊರಗಿಟ್ಟು ಯಾವ ಆರೋಗ್ಯ ಕಾರ್ಯಕ್ರಮವೂ ನಡೆಯುವುದಿಲ್ಲ.

ಪ್ರಶ್ನೆ: ಇಂಥ ವಿಷಯದ ಮೇಲೆ ಸಂಶೋಧನೆ ಮಾಡುವ ಆಸೆ ನನಗಿದೆ. ಮುಜುಗರದ ಪ್ರಶ್ನೆಗಳನ್ನು ಕೇಳುವುದು ಹೇಗೆ? (ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿ)

ಉತ್ತರ: ಕೇಳಬೇಡಿ. ‘ಮೀನಿಗಾಗಿ ಸಂಬಂಧ ಇಟ್ಟುಕೊಂಡಿದ್ದೀರಾ’ ಎಂಬ ಪ್ರಶ್ನೆಗೆ ‘ನಾನಲ್ಲ, ಅವರು’ ಎಂಬ ಉತ್ತರ ಬಂದೀತು, ಕೇಳಿಸಿಕೊಂಡ ನೆರೆಯವರಿಂದ ಅವಳಿಗೆ ತೊಂದರೆಯೂ ಆದೀತು. ಇವತ್ತು ಮೊದಲ ಬೇಸಿನ್ ಯಾರಿಗೆ ಸಿಕ್ಕಿತು, ಎಷ್ಟು ಬೆಲೆಗೆ, ಕೈಯಲ್ಲಿ ರೊಕ್ಕ ಕೊಟ್ಟೋ ಉದ್ದರಿಯೋ, ಉದ್ದರಿಯಾದರೆ ಯಾವ ದಿನದೊಳಗೆ ತೀರಿಸಬೇಕು, ತೀರಿಸಲಾಗದಿದ್ದರೆ ಏನಾಗುತ್ತದೆ ಎಂದು ಕೇಳಿ. ದೋಣಿ ಬರದ ಹುಣ್ಣಿಮೆಯ ದಿನಗಳಲ್ಲಿ ಮಕ್ಕಳ ಊಟಕ್ಕೆ ಯಾರಿಂದ ಕೈಗಡ ಪಡೆದರು ಎಂದು ಕೇಳಿ. ಅವಳಾಗಿಯೇ ಮುಂದುವರಿದರೆ ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳಿ. ಮುಂದುವರಿಯದಿದ್ದರೆ ಮೀನು ಮಗುಚುವ ಹೊತ್ತಾಗಿರುತ್ತದೆ, ಅವಳನ್ನು ಬಿಟ್ಟುಬಿಡಿ.